ಹನ್ನೆರಡು ಕಿಸೆಯ ಕೌದಿ

"ಸಾವಂತ್ರೆವ್ವಗ ಬಂಗಾರ ಕೇಳ್ರಿ, ಕೊಟ್ಟರೂ ಕೊಟ್ಟಾಳು. ಪುಸ್ತಕ ಮಾತ್ರ ಕೇಳಬ್ಯಾಡ್ರಿ" ಎಂದು ಕುಬಿಹಾಳದ ಆ ಓಣಿಯವರು ಆಡಿಕೊಳ್ಳುತ್ತಿದ್ದರು. "ಮೊಮ್ಮಗಳ ಪುಸ್ತಕಕ್ಕ ಕುಂಕುಮ ಹಚ್ಚಿ ಹಚ್ಚಿ ಅದರಾಗಿನ ಆನಿ, ಕುದುರಿ ಎಲ್ಲಾ ಮುತ್ತೈದಿ ಆಗ್ಯಾವ" ಎಂದು ಮತ್ತೊಬ್ಬರು ಒಗ್ಗರಣೆ ಹಾಕುತ್ತಿದ್ದರು. ಮಾತು ಸುಳ್ಳೇನೂ ಆಗಿರಲಿಲ್ಲ.

ಸೊಸೆ ಮಂಜುಳಾ ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ನರ್ಸು. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹೋದರೆ ಮನೆ ಮುಟ್ಟುವುದು ದೀಪ ಹಚ್ಚುವ ಹೊತ್ತಿಗೆ. ಮಗ ಸಿದ್ಧಾರೂಢ ಕಾಳು ಒಕ್ಕುವ ರಾಶಿ ಮಷಿನ್ ಹೊಡೆಯುವವನು; ಸುಗ್ಗಿ ಎಲ್ಲಿಯೋ ಅವನು ಅಲ್ಲಿ. ಹೀಗಾಗಿ ಮೊಮ್ಮಗಳು ಅಮೃತಾ ಮೂರನೇ ಇಯತ್ತೆಯವರೆಗೆ ಬೆಳೆದದ್ದು ಆಯಿಯ, ಅಂದರೆ ಅಜ್ಜಿಯ, ಸೆರಗು ಹಿಡಿದೇ. ಸೊಸೆ ತಿಂಗಳಿಗೊಂದೆರಡು ಬಣ್ಣದ ಪುಸ್ತಕ ತರುತ್ತಿದ್ದಳು. ಅವು ಬಂದ ದಿನವೇ ಕೆಂಪು ಅರಿವೆ ಸುತ್ತಿಕೊಂಡು, ಬೇವಿನೆಲೆಯ ಜೊತೆ ಟ್ರಂಕು ಸೇರುತ್ತಿದ್ದವು. ಟ್ರಂಕು ದೇವರ ಜಗಲಿಯ ಬಾಜುಕ್ಕೆ, ಎತ್ತರದಲ್ಲಿ. ಕೀಲಿಕೈ ಸಾವಂತ್ರೆವ್ವನ ಸೊಂಟದಲ್ಲಿ.

ಸೋಮವಾರ ಜಳಕ ಆದ ಮೇಲೆ ಒಂದೇ ಒಂದು ಪುಸ್ತಕ ಹೊರಗೆ ಬರುತ್ತಿತ್ತು.

"ಕೈ ತೊಳದಿ? ವರಸ್ಕೊಂಡಿ? ಕಾಲು ಮಡಚಿ ಕುಂದರು. ಹಾಳಿ ಮೆಲ್ಲಕ ತಿರುವ. ಹುಷಾರವಾ!"

ಪಾಪ, ಕೂಸು ಕಾದ ಹಂಚಿನ ಮೇಲಿನ ರೊಟ್ಟಿ ತಿರುವಿದ ಹಾಗೆ ಹಾಳೆ ತಿರುವುತ್ತಿತ್ತು.

ಸಾವಂತ್ರೆವ್ವನ ಈ ಅಂಜಿಕೆಗೆ ಒಂದು ಬೇರು ಇತ್ತು. ಆಕೆ ಏಳು ವರ್ಷದವಳಿದ್ದಾಗ ಒಂದು ದಿನ ಅಂಕಲಿಪಿಯನ್ನು ಕಟ್ಟೆಯ ಮೇಲಿಟ್ಟು ನೀರು ಕುಡಿಯಲು ಒಳಗೆ ಹೋದಳು. ಹೊರಗೆ ಬರುವುದರೊಳಗೆ ಆಡು ಅರ್ಧ ಪುಸ್ತಕ ಮೇದಿತ್ತು. ಅಪ್ಪ ಆಡಿಗೂ ಹೊಡೆಯಲಿಲ್ಲ, ಮಗಳಿಗೂ ಹೊಡೆಯಲಿಲ್ಲ. "ವಿದ್ಯಾ ಆಡಿನ ಹೊಟ್ಟಿ ಸೇರ್ತು. ಇನ್ನ ಅದರ ಹಿಂದನ ಹೋಗು" ಎಂದ. ಮರುದಿನ ಕೈಯಲ್ಲಿ ಪಾಟಿಯ ಬದಲು ಕೋಲು ಬಂತು. "ನಾ ‘ಬ’ದ ತನಕ ಕಲತೇನಿ, ಮುಂದಿಂದು ಆಡಿಗೆ ಗೊತ್ತು" ಎಂದು ದೊಡ್ಡವಳಾದ ಮೇಲೆ ಆಕೆಯೇ ಜನರನ್ನು ನಗಿಸುತ್ತಿದ್ದಳು. ಆದರೆ ಒಂದು ಹಾಳೆ ಹರಿದರೆ ಓದೇ ಹರಿದು ಹೋಗುತ್ತದೆ ಎಂಬುದು ಒಳಗೆ ಎಲ್ಲೋ ಕೂತುಬಿಟ್ಟಿತ್ತು. ಅದು ನಗೆಯಿಂದ ಏಳುವಂಥದಲ್ಲ.

ದೀಪಾವಳಿ ಸೂಟಿ ಮುಗಿದ ಮೇಲೆ ಸಾಲಿಯಲ್ಲಿ ಅಮೃತಾಗೆ ಕಲಿಸುವ ನಂದಾ ಅಕ್ಕೋರು ಮನೆಗೆ ಬಂದರು. ಚಹಾದ ಬಟ್ಟಲು ಕೈಗೆ ತೆಗೆದುಕೊಳ್ಳುವ ಮೊದಲೇ ಮಾತು ತೆಗೆದರು.

"ಹಲಗಿ ಮ್ಯಾಲ ಬರದ್ರ ಪಟಪಟ ಓದ್ತಾಳ್ರಿ ನಿಮ್ಮ ಹುಡುಗಿ. ಕೈಯಾಗ ಪುಸ್ತಕ ಕೊಟ್ರ ಕೈ ನಡಗತಾವ. ಹಾಳಿ ಮುಗದ್ರ ನನ್ನ ಮಾರಿ ನೋಡ್ತಾಳ. ‘ತಿರುವ್ಲೇನ್ರಿ ಅಕ್ಕೋರ?’ ಅಂತಾಳ. ಮೊನ್ನೆ ‘ನನಗ ಪುಸ್ತಕ ಬ್ಯಾಡ್ರಿ’ ಅಂತ ತಿರುಗಿ ಕೊಟ್ಲು."

ಬ್ಯಾಡ ಎಂದಳೇ? ಸಾವಂತ್ರೆವ್ವ ಚಹಾದ ಬಟ್ಟಲು ಕೆಳಗಿಟ್ಟಳು.

"ಮನ್ಯಾಗ ಪುಸ್ತಕ ಎಲ್ಲಿ ಇಡ್ತೀರಿ?"

ಅದನ್ನು ಕೇಳಿದ್ದಕ್ಕೆ ಅಷ್ಟು ಸಂಕಟದಲ್ಲಿಯೂ ಆಕೆಗೆ ಹಿಗ್ಗು. ಟ್ರಂಕು ತೆರೆದು ತೋರಿಸಿದಳು. ಒಂದು ಕಲೆ ಇಲ್ಲ, ಒಂದು ಮಡಿಕೆ ಇಲ್ಲ. ಅಕ್ಕೋರು ಅದನ್ನು ನೋಡಿ ಹೇಳಿದರು: "ಇದು ಇಡೂ ಜಾಗಾ ಅಲ್ರಿ, ಅಡಗಸೂ ಜಾಗಾ. ನೀರಿನ ಕೊಡದಂಗ ಕೈಗೆ ಸಿಗೂ ಹಂಗ ಇಡ್ರಿ. ನೀರಡಿಸಿದಾಗೊಮ್ಮೆ ಕೀಲಿಕೈ ಬೇಡಬೇಕಂದ್ರ ಯಾರ್ ನೀರು ಕುಡೀತಾರ? ಇದೊಂದು ವರ್ಷ ದಾಟಿದ್ರ ಆಮ್ಯಾಲ ರೂಢಿ ಮಾಡಸೂದು ಕಷ್ಟ ಐತ್ರಿ."

ಅಕ್ಕೋರು ಹೋದ ಮೇಲೆ ಸಾವಂತ್ರೆವ್ವ ಟ್ರಂಕಿನ ಮುಂದೆಯೇ ಕೂತಳು. ಅಂದು ಆಡು ತಿಂದದ್ದಕ್ಕಿಂತ ಇಂದು ತಾನು ತಿಂದದ್ದೇ ಹೆಚ್ಚಾಯಿತೇನೋ ಎನ್ನಿಸಿತು. ಆದರೆ ಇಡುವುದೆಲ್ಲಿ? ನೆಲಕ್ಕಿಟ್ಟರೆ ಗೆದ್ದಲು, ಇಲಿ. ಕಾಳಿನ ಚೀಲದ ಮೇಲಿಟ್ಟರೆ ಸುಂಕಿನ ದೂಳು, ಹುಳ. ಗಿಡ್ಡ ಹಲಗೆ ಹೊಡೆಸಿದರೆ ಕೂಸಿನ ಕಾಲು ತಾಗುತ್ತದೆ. ಕಾಲು ತಾಗಿದರೆ ವಿದ್ಯೆ ಮುನಿಯುತ್ತದೆ. ಬೆಳಕು ಬೀಳುವುದು ಬಡಗಣ ಗೋಡೆಗೆ ಒಂದೇ. ಅಲ್ಲಿಟ್ಟರೆ ಮಲಗಿದಾಗ ಕಾಲು ಪುಸ್ತಕದ ಕಡೆಗೆ ಆಗುತ್ತದೆ. ತಿರುಗಿ ಮಲಗೋಣ ಎಂದರೆ ಬಡಗಣಕ್ಕೆ ತಲೆ ಹಾಕಬಾರದು. ಮೂರು ದಿನ ಇದೇ ಲೆಕ್ಕ. ಕೊನೆಗೆ ಮನೆಮಂದಿಯ ಹಾಸಿಗೆಯನ್ನೇ ಮೂಡಣ ಪಡುವಣಕ್ಕೆ ತಿರುಗಿಸಿದಳು. "ಅತ್ತಿ, ಇನ್ನ ನಾವು ದನದ ಗ್ವಾದಲ್ಯಾಗ ಮಲಗೂಣೇನ್ರಿ?" ಎಂದು ಮಂಜುಳಾ ನಕ್ಕಳು.

ಸಾವಂತ್ರೆವ್ವನ ಕಸುಬು ಕೌದಿ ಹೊಲಿಯುವುದು. ಎದುರು ಮನೆಯ ಖಾದರಬಿ ಆಕೆಯ ಜೋಡಿ. ಇಬ್ಬರೂ ಕೂತು ಹಳೆಯ ಸೀರೆಗಳ ಕೌದಿಯೊಂದನ್ನು ಹೊಲಿದು, ಅದರ ಮೇಲೆ ಸಾಲಾಗಿ ಹನ್ನೆರಡು ಕಿಸೆ ಹಚ್ಚಿದರು. ಪುಸ್ತಕದ ಮುಖ ಹೊರಗೆ ಕಾಣಬೇಕು ಎಂದು ಕಿಸೆಗಳು ಗಿಡ್ಡ. ಓದಲು ಬರದವಳು ಹೇಗೆ ಹೊಂದಿಸಿಯಾಳು? ಚಿತ್ರ ನೋಡಿ ಹೊಂದಿಸಿದಳು. ಪಕ್ಷಿಗಳಿಗೆ ಹಸಿರು ಅರಿವೆಯ ಕಿಸೆ, ಪ್ರಾಣಿಗಳಿಗೆ ಕೆಂಪಿನದು, ನೀರಿನವಕ್ಕೆ ನೀಲಿ, ಮನುಷ್ಯರಿಗೆ ಚೌಕಡಿಯದು.

ಕೌದಿಯ ಹೊಟ್ಟೆ ಹಸಿದಿರಬಾರದು ಎಂದು ಕೊನೆಯ ಮೂಲೆ ಮುಚ್ಚುವ ಮೊದಲು ರೊಟ್ಟಿಯ ಚೂರೊಂದನ್ನು ಒಳಗಿಡುವುದು ಅವರ ಪದ್ಧತಿ. ಅದನ್ನಿಟ್ಟು ಹೊಲಿಯುತ್ತ ಖಾದರಬಿ, "ಬ್ಯಾರೇ ಕೌದಿಗೆ ಒಂದ ಹೊಟ್ಟಿ. ನೀ ಇದಕ್ಕ ಹನ್ನೆರಡು ಮಾಡೀಬೇ, ತುಂಬಸಾಕ ಸೊಸಿ ಪಗಾರ ಸಾಲೂದಿಲ್ಲ" ಎಂದಳು.

ಬಡಗಣ ಗೋಡೆಗೆ, ಅಮೃತಾಳ ಎದೆಯ ಮಟ್ಟಕ್ಕೆ ಮೊಳೆ ಹೊಡೆದು ಕೌದಿ ತೂಗುಹಾಕಿದರು.

ಕೂಸು ಮುಟ್ಟಲಿಲ್ಲ.

ಒಂದು ದಿನ ಅಲ್ಲ, ಎಂಟು ದಿನ. ಸಾಲಿಯಿಂದ ಬರುವಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಕೌದಿಯ ಮುಂದೆ ನಿಲ್ಲುವಳು, ಆಯಿಯ ಮುಖ ನೋಡುವಳು, ಆಡಲು ಹೋಗುವಳು. ಒಮ್ಮೆ ಕೈ ಮುಂದೆ ಬಂತು. ಸಾವಂತ್ರೆವ್ವನ ಬಾಯಿಂದ ತಾನಾಗಿಯೇ "ಹುಷಾರವಾ!" ಬಿತ್ತು. ಕೈ ಹಿಂದೆ ಹೋಯಿತು. ಆ ರೂಢಿ ತನ್ನ ನಾಲಿಗೆಯಲ್ಲಿಯೇ ಇದೆ ಎಂದು ಗೊತ್ತಿದ್ದರೂ ಕಟ್ಟಿಹಾಕಲು ಆಗಲೊಲ್ಲದು. ಖಾದರಬಿ ಇದನ್ನು ಕಟ್ಟೆಯಿಂದಲೇ ನೋಡುತ್ತಿದ್ದಳು.

"ಕೋಳಿ ಕಾವ್ ಕುಂತಂಗ ಕುಂತ್ರ ಕೂಸು ಹೆಂಗ ಮುಟ್ತೈತಿಬೇ?"

"ಹರದ್ರ?"

"ಹರೀಲಿ. ಹರದ ಸೀರಿ ಹೊಲದು ಹೊಟ್ಟಿ ಹೊರದಾಕಿ ನೀ, ಹಾಳಿಗೆ ಅಂಜ್ತಿ? ನೀ ಮನಿ ಬಿಟ್ಟು ಹೊರಗ ಬಾ. ಅಗದಿ ಇದೊಂದ ಔಷಧ."

ಮರುದಿನ ಸಾಲಿ ಬಿಟ್ಟ ಮೇಲೆ ಸಾವಂತ್ರೆವ್ವ ಸೂಜಿ, ದಾರ ತೆಗೆದುಕೊಂಡು, "ಖಾದರಬಿ ಕಟ್ಟಿಗೆ ಹೋಗತೇನವಾ" ಎಂದು ಹೊರಬಿದ್ದಳು. ಓಣಿ ದಾಟುವುದರೊಳಗೆ ತಿರುಗಿ ಬಂದಳು.

"ಒಲಿ ಆರೈತಿಲ್ಲ ನೋಡಾಕ ಬಂದೆ."

ಅಮೃತಾ ಕೌದಿಯ ಮುಂದೆ ನಿಂತಿದ್ದವಳು ಸರಿದು ನಿಂತಳು. ಸಾವಂತ್ರೆವ್ವ ಮತ್ತೆ ಹೋದಳು. ಸೂಜಿಗೆ ದಾರ ಪೋಣಿಸಲಾಗದೆ ಮತ್ತೆ ಬಂದಳು.

"ಚಾಳೀಸು ಮರತಿದ್ದೆ."

"ಆಯಿ, ಚಾಳೀಸು ನಿನ್ನ ಮೂಗಿನ ಮ್ಯಾಲ ಐತಿ."

ಖಾದರಬಿ ಎದುರಿನಿಂದ, "ನಿನ್ನ ಕಾಲು ನನ್ನ ಹೊಸಲಿಗೆ ಹೊಲೀಲೇನ?" ಎಂದು ಕೂಗಿದಳು. ಮೂರನೆಯ ಸಲ ಹೋದವಳು ಬಹಳ ಹೊತ್ತು ಕೂತಳು. ನಾಲ್ಕು ಹೊಲಿಗೆ ಹಾಕಿದಳು, ನಾಲ್ಕೂ ಸೊಟ್ಟ. ಮನೆಯೊಳಗಿಂದ ಸದ್ದಿಲ್ಲ. ಸದ್ದಿಲ್ಲದ್ದೇ ಹೆಚ್ಚು ಅಂಜಿಸಿತು. ಖಾದರಬಿ ನೀರಿಗೆಂದು ಒಳಗೆ ಹೋದದ್ದನ್ನೇ ನೋಡಿ, ಕಳ್ಳಿಯ ಹಾಗೆ ಹೆಜ್ಜೆ ಹಾಕಿ ತನ್ನ ಬಾಗಿಲಿಗೆ ಬಂದಳು.

ಅಮೃತಾ ಗೋಡೆಗೆ ಬೆನ್ನು ಆನಿಸಿ, ಎರಡೂ ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ ನೀಲಿ ಕಿಸೆಯ ಪುಸ್ತಕ. "ಆ...ಮೆ... ಆಮೆ. ಆಮೆ ಹೊಳೆ ದಾ...ಟ..." ಬೆರಳು ಸಾಲಿನ ಮೇಲೆ ಓಡುತ್ತಿತ್ತು, ತಲೆ ತೂಗುತ್ತಿತ್ತು. ಸಾವಂತ್ರೆವ್ವ ಉಸಿರು ಹಿಡಿದಳು. ಹಾಳೆ ಮುಗಿಯಿತು. ಯಾರ ಮುಖವನ್ನೂ ನೋಡದೆ ಕೂಸು ಅವಸರದಿಂದ ಹಾಳೆ ಎಳೆಯಿತು.

ಪರ್ರೆಂದಿತು.

ಅಮೃತಾ ತಲೆ ಎತ್ತಿದಳು. ಬಾಗಿಲಲ್ಲಿ ಆಯಿ. ಕೂಸಿನ ಮುಖ ಬಿಳಿಚಿತು. ಚಾಚಿದ ಕಾಲು ಮಡಚಿಕೊಂಡವು. ಸಾವಂತ್ರೆವ್ವನ ಬಾಯಿ ಅರ್ಧ ತೆರೆದಿತ್ತು. ಆಕೆ ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು.

"ಹರೀತು, ಆಯಿ."

"ಹೂಂ. ಆಮಿ ಎಲ್ಲಿಗೆ ಬಂದಿತ್ತು?"

"ನಡು ಹೊಳ್ಯಾಗ."

"ಹಂಗ ನಡು ನೀರಾಗ ಬಿಡ್ತಾರೇನ? ದಾಟಸು."

"ಹಾಳಿ ತಿರುವ್ಲೇನು?"

"ನನ್ನ ಕೇಳಬ್ಯಾಡ. ನಾ ಮನ್ಯಾಗಿಲ್ಲ."

ಹೇಳಿದವಳು ತಿರುಗಿದಳು. ಬಾಗಿಲು ಮುಂದಕ್ಕೆಳೆದು ಹೊಸ್ತಿಲು ದಾಟಿದಳು. ಆ ದಿನ ಆಕೆ ಮನೆಯಿಂದ ಹೊರಬಿದ್ದದ್ದು ಅದೇ ಕೊನೆಯ ಸಲ. ಖಾದರಬಿಯ ಕಟ್ಟೆಯ ಮೇಲೆ ಕೂತು, ಮಂಜುಳಾಳ ಬಸ್ಸು ಬರುವ ತನಕ ತಿರುಗಿ ನೋಡಲಿಲ್ಲ.