ಬೀಡಾ, ಬೆಕ್ಕು ಮತ್ತು ಒಂದು ಅಟ್ಯಾಚ್‌ಮೆಂಟು

ಕಣ್ಣು ಕಾಣದ ನನಗೆ ಕಂಪ್ಯೂಟರಿನಲ್ಲಿರುವುದನ್ನು ಓದಿ ಹೇಳುವುದು ಸ್ಕ್ರೀನ್ ರೀಡರ್. ಅದಕ್ಕೆ ಬರುವುದು ಇಂಗ್ಲಿಷ್ ಒಂದೇ. ಫೈಲಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಬೇಡ’ ಎಂದು ಹೆಸರಿಟ್ಟರೆ ‘ಬೀಡಾ’ ಎನ್ನುತ್ತದೆ, ‘ಬೇಕು’ ಎಂದಿಟ್ಟರೆ ‘ಬೆಕ್ಕು’. ಅದನ್ನು ತಿದ್ದಲಾಗದೆ ನಾನೇ ಹೊಂದಿಕೊಂಡಿದ್ದೆ.

ಆಗ ಮನೆ ತಾಂಬರಂನಲ್ಲಿ, ನಮ್ಮ ವಿಮಾ ಕಚೇರಿ ಮಾಧವರಂನಲ್ಲಿ. ಟ್ರೈನು, ಬಸ್ಸು ಎಂದು ದಿನಾ ನಗರದ ಆ ತುದಿಯಿಂದ ಈ ತುದಿಗೆ ಓಡಾಡಿ ಸಾಕಾಗಿತ್ತು. ಮನೆ ಹತ್ತಿರಕ್ಕೆ ವರ್ಗ ಬೇಕಿತ್ತು. ಹಿಂದಿನ ವರ್ಷ ವರ್ಗಾವಣೆಯ ಸುತ್ತೋಲೆಯನ್ನು ಮ್ಯಾನೇಜರ್ ಸ್ಕ್ಯಾನ್ ಮಾಡಿ ಕಳಿಸಿದ್ದರು. ಸ್ಕ್ಯಾನ್ ಎಂದರೆ ಬರೀ ಫೋಟೋ. ನನ್ನ ರೀಡರ್ ಅದರ ಮುಂದೆ ಮೂಕ. ಯಾರೋ ಓದಿ ಹೇಳುವ ಹೊತ್ತಿಗೆ ಕೊನೆಯ ದಿನ ದಾಟಿತ್ತು. ಆ ಸಿಟ್ಟಿಗೆ ಈ ಸಲ ಎರಡು ಪತ್ರ ಬರೆದೆ. ವಿನಯದ ಅರ್ಜಿಗೆ ‘ಬೇಕು’ ಎಂದು ಹೆಸರಿಟ್ಟೆ. ಮ್ಯಾನೇಜರನ್ನು ಹಿಗ್ಗಾಮುಗ್ಗಾ ಬೈದದ್ದಕ್ಕೆ ‘ಬೇಡ’. ಕಳಿಸುವುದು ಬೇಡ ಎಂದೇ ಆ ಹೆಸರು.

ಮ್ಯಾನೇಜರಿಗೆ ಅರ್ಜಿ ಕಳಿಸುವ ಸಂಜೆ ಟ್ರೈನಿನ ಗಡಿಬಿಡಿ. ಎರಡು ಹೆಸರೂ ಶುರುವಾಗುವುದು ಅದರಿಂದಲೇ ಎಂಬುದನ್ನು ಮರೆತು ಫೈಲುಗಳ ಪಟ್ಟಿಯಲ್ಲಿ ಬಿ, ಇ ಒತ್ತಿ ಎಂಟರ್ ಹೊಡೆದೆ, ಹಿಂದೆಯೇ ಕಂಟ್ರೋಲ್ ಎಂಟರ್ ಒತ್ತಿ ಕಳಿಸಿಯೂಬಿಟ್ಟೆ. ಕಳಿಸುವ ಮೊದಲು ಶಿಫ್ಟ್ ಟ್ಯಾಬ್ ಒತ್ತಿ ಅಟ್ಯಾಚ್‌ಮೆಂಟಿನ ಹೆಸರು ಕೇಳಿಸಿಕೊಳ್ಳುವುದು ನನ್ನ ರೂಢಿ. ಅವತ್ತು ಕಳಿಸಿದ ಮೇಲೆ, ಕಳಿಸಿದ ಮೇಲ್‌ಗಳ ಪಟ್ಟಿಗೆ ಹೋಗಿ ಕೇಳಿದೆ. ‘ಬೀಡಾ’ ಎಂದಿತು. ಕೂಡಲೇ ಅರ್ಜಿಯನ್ನೂ ಕಳಿಸಿದೆ, ಆದರೆ ಆಗುವುದು ಆಗಿಹೋಗಿತ್ತು.

“ಪರವಾಯಿಲ್ಲೆ ಬಿಡ್ರೀ, ಬರ್ದಿದ್ದೇನು ಸುಳ್ಳಾ?” ಅಂದಳು ಹೆಂಡತಿ. ನನಗೆ ಮಾತ್ರ ಎರಡು ದಿನ ಊಟ ಸೇರಲಿಲ್ಲ.

ಕೆಲವು ವಾರಗಳ ನಂತರ ಮ್ಯಾನೇಜರಿಂದ ಉತ್ತರ ಬಂತು, ಜೊತೆಗೊಂದು ಅಟ್ಯಾಚ್‌ಮೆಂಟು. ಎಂಟರ್ ಒತ್ತಿದೆ. ಗಪ್‌ಚಿಪ್. ಮತ್ತೆ ಫೋಟೋ! ಈ ಮನುಷ್ಯನಿಗೆ ಬೈಗುಳವೂ ನಾಟಲಿಲ್ಲವಲ್ಲ ಎಂದು ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಅವರದೇ ಫೋನು ಬಂತು.

“ಸಾರಿ ಸಾರ್, ಮರಂದುಟ್ಟೇನ್. ಟೈಪ್ ಪಣ್ಣಿ ಅನುಪ್ಪರೇನ್.” ಮರೆತರಂತೆ, ಟೈಪ್ ಮಾಡಿ ಕಳಿಸುತ್ತಾರಂತೆ.

ಹತ್ತು ನಿಮಿಷಕ್ಕೆ ಕಳಿಸಿದರು. ರೀಡರ್ ಗಡಗಡ ಓದಿತು: ಅವರು ಶಿಫಾರಸು ಮಾಡಿದ್ದರು, ಆದರೆ ಈ ವರ್ಷ ತಾಂಬರಂ ಕಡೆ ಜಾಗ ಖಾಲಿ ಇಲ್ಲ. ಬಹಳ ಬೇಜಾರಾಯಿತು. ಆದರೂ ಇಷ್ಟು ವರ್ಷಗಳ ನೌಕರಿಯಲ್ಲಿ ನನ್ನ ಸುದ್ದಿಯನ್ನು ಇನ್ನೊಬ್ಬರು ಓದಿ ಹೇಳುವ ಮುಂಚೆ ನಾನೇ ಓದಿಕೊಂಡದ್ದು ಅದೇ ಮೊದಲು. ಅದನ್ನೇ ಮತ್ತೊಂದು ಸಲ ಓದಿಸಿ ಕೇಳಿದೆ.

ಆಮೇಲೆ ಬೀಡಾ ಅಳಿಸಿದೆ. ಬೆಕ್ಕನ್ನು ಹಾಗೇ ಇಟ್ಟುಕೊಂಡೆ, ಮುಂದಿನ ವರ್ಷಕ್ಕೆ ಬೇಕು.