ಸಿದ್ದಲಿಂಗೇಶನ ನಲವತ್ತು ಬುರುಜುಗಳು

ಸಿದ್ದಲಿಂಗೇಶ ಬರ್ಲಿನ್ನಿನಲ್ಲಿ ಮಾಡುತ್ತಿದ್ದುದನ್ನು ಅವನ ಊರು ತಿಪಟೂರಿನಲ್ಲಿ ಯಾರೂ ಕೆಲಸವೆಂದು ಒಪ್ಪಿರಲಿಲ್ಲ. ದಿನಕ್ಕೆ ಎಂಟು ಗಂಟೆ ವಿಡಿಯೋ ಗೇಮ್ ಆಡುವುದು, ತಪ್ಪು ಕಂಡರೆ ಬರೆದು ಕೊಡುವುದು. ಇಷ್ಟಕ್ಕೆ ಜರ್ಮನಿಗೆ ಹೋಗಬೇಕಿತ್ತೇ ಎಂದು ಅವನ ಮಾವ ನೆಂಟರೊಬ್ಬರ ಮದುವೆ ಮನೆಯಲ್ಲೇ ಕೇಳಿದ್ದರಂತೆ. ಹೋಗಲಿ ಬಿಡಿ, ಆಟವಾಡಿಕೊಂಡು ಖುಷಿಯಾಗಿದ್ದಾನೆ ಎಂದು ಉಳಿದವರು ಸಮಾಧಾನ ಹೇಳಿದ್ದರು. ಆಟವನ್ನು ಅವನಷ್ಟು ದ್ವೇಷಿಸಿದ ಮನುಷ್ಯನನ್ನು ನಾನಂತೂ ಕಂಡಿಲ್ಲ.

ನಾನು ಅನೂಪ್, ಮೈಸೂರಿನವನು, ಅದೇ ಕಂಪನಿಯಲ್ಲಿ ಪ್ರೋಗ್ರಾಮರ್. ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ನಾವು ಮೂವತ್ತು ಜನ ಸೇರಿ ನಾಲ್ಕು ವರ್ಷದಿಂದ ‘ನೀಲಿ ಕಣಿವೆ’ ಎಂಬ ಆಟ ಕಟ್ಟುತ್ತಿದ್ದೆವು. ಕತ್ತಿ ಹಿಡಿದ ಹೆಣ್ಣೊಬ್ಬಳು ಕಣಿವೆಯ ನಲವತ್ತು ಬುರುಜುಗಳನ್ನು ಕಳ್ಳರ ಕೈಯಿಂದ ಬಿಡಿಸಬೇಕು, ಅಷ್ಟೇ ಕಥೆ. ಸುಳ್ಳೇಕೆ ಹೇಳಲಿ, ನೋಡುವುದಕ್ಕೆ ಕಣ್ಣು ಸಾಲದು. ಗಾಳಿ ಬೀಸಿದರೆ ಹುಲ್ಲಿನ ಎಸಳು ಒಂದೊಂದೂ ಬೇರೆ ಬೇರೆಯಾಗಿ ಬಾಗುತ್ತಿತ್ತು. ಸಂಜೆಯಾದರೆ ಕೆರೆಯ ನೀರು ಮೊದಲು ಕೆಂಪಾಗಿ ಆಮೇಲೆ ತಾಮ್ರದ ಬಣ್ಣಕ್ಕೆ ತಿರುಗುತ್ತಿತ್ತು. ಆದರೆ ಕಳ್ಳರು ಮಾತ್ರ ಮೂರೇ ಬಗೆ: ಈಟಿಯವನು, ಗುರಾಣಿಯವನು, ಒಬ್ಬ ದಢೂತಿ. ಎಲ್ಲ ಬುರುಜಿನಲ್ಲೂ ಅವರೇ, ಅದೇ ಸರದಿಯಲ್ಲಿ, ಅದೇ ಮೆಟ್ಟಿಲಿಳಿದು ಬರುತ್ತಿದ್ದರು. ಆ ಮೂವರನ್ನು ಬರೆದ ಮಹಾನುಭಾವ ನಾನೇ. ನಾಲ್ಕನೆಯವನನ್ನು ಬರೆಯಲು ನನಗೆ ಸಮಯ ಕೊಡಲಿಲ್ಲ, ಸಮಯವೆಲ್ಲ ಹುಲ್ಲಿಗೆ ಹೋಯಿತು.

ಸಿದ್ದು ಸೇರಿದ್ದು ಸೆಪ್ಟೆಂಬರಿನಲ್ಲಿ. ಮೊದಲ ವಾರ ಅವನೂ ಬಾಯಿ ಬಿಟ್ಟುಕೊಂಡು ಕೆರೆ ನೋಡಿದ. ಎರಡನೇ ವಾರ ಅವನ ನಾಲಿಗೆ ಹೊರಗೆ ಬಂತು. ಅವನ ನಾಲಿಗೆಯಿಂದ ತಪ್ಪಿಸಿಕೊಂಡ ವಸ್ತು ಆ ಊರಿನಲ್ಲಿರಲಿಲ್ಲ. ಇಲ್ಲಿಯ ಬ್ರೆಡ್ಡನ್ನು ಅವನು ಇಟ್ಟಿಗೆ ಎನ್ನುತ್ತಿದ್ದ. ಖಾಲಿ ಬಾಟಲಿ ನುಂಗಿ ಠೇವಣಿ ಹಣ ಹಿಂದಿರುಗಿಸುವ ಅಂಗಡಿಯ ಯಂತ್ರಕ್ಕೆ ಒಂದೇ ಬಾಟಲಿಯನ್ನು ಐದು ಕಡೆಯಿಂದ ತೂರಿಸಿ, ಅದು ಎಲ್ಲಿ ಮುಗ್ಗರಿಸುತ್ತದೆಂದು ನೋಡುತ್ತಿದ್ದ, ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರೂ ಬಿಡುತ್ತಿರಲಿಲ್ಲ. ತಪ್ಪು ಹುಡುಕುವುದು ಅವನಿಗೆ ಹೊಟ್ಟೆಪಾಡಿಗಿಂತ ಮುಂಚೆಯೇ ಅಂಟಿದ್ದ ಚಟ. ನಮ್ಮ ಆಟದ ಬಗ್ಗೆ ಕೇಳಿದರೆ ಮುಖವನ್ನು ಸೊಟ್ಟ ಮಾಡಿ, ಮೇಲೆ ಥಳಕು ಒಳಗೆ ಹುಳುಕು ಎಂದು ಬಿಡುತ್ತಿದ್ದ.

ತಪ್ಪು ದಾಖಲಿಸುವುದಕ್ಕೆ ನಮ್ಮಲ್ಲಿ ಒಂದು ಫಾರಂ ಇದೆ. ಆಟ ನಿಂತುಹೋಯಿತೇ, ಚಿತ್ರ ಕೆಟ್ಟಿತೇ, ಸದ್ದು ತಪ್ಪಿತೇ, ಅಕ್ಷರ ತಪ್ಪಿತೇ ಎಂದು ನಾಲ್ಕು ಕಲಮು. ‘ಬೇಸರ’ ಎಂಬ ಕಲಮು ಯಾರಿಗೂ ಹೊಳೆದಿರಲಿಲ್ಲ. ಸಿದ್ದು ಅದನ್ನು ‘ಚಿತ್ರ ಕೆಟ್ಟಿದೆ’ ಎಂಬಲ್ಲಿ ತುರುಕಿದ: ಹದಿನೇಳನೇ ಬುರುಜಿಗೆ ಹೋದರೆ ಮೊದಲನೆಯ ಬುರುಜೇ ಕಾಣುತ್ತದೆ. ಮರುದಿನ ಹದಿನೆಂಟನೆಯದರ ಬಗ್ಗೆ ಅದನ್ನೇ ಬರೆದ. ನಲವತ್ತಕ್ಕೂ ಬರೆದ. ಅವೆಲ್ಲ ನನ್ನ ಮೇಜಿಗೆ ಬರುತ್ತಿದ್ದವು. ನಮ್ಮ ಮುಖ್ಯಸ್ಥ ಟೋರ್ಸ್ಟೆನ್ ಹೇಳಿದಂತೆ ನಾನು ಪ್ರತಿಯೊಂದಕ್ಕೂ ‘ವಿನ್ಯಾಸದ ಪ್ರಕಾರವೇ ಇದೆ’ ಎಂದು ಬರೆದು ಮುಚ್ಚುತ್ತಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸುವುದು ಎಂದರೆ ಏನೆಂದು ಅವನಿಗೆ ಗೊತ್ತಾಗಿರಬೇಕು. ಕೋಣ ನಾನಾಗಿದ್ದೆ ಎಂಬುದು ನನಗೆ ಈಗಲೂ ಚುಚ್ಚುತ್ತದೆ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವನು ತಾತನ ಗಾಣದ ವಿಷಯ ಹೇಳಿದ. ತಿಪಟೂರಿನಲ್ಲಿ ಅವರದು ಕೊಬ್ಬರಿ ಎಣ್ಣೆಯ ಗಾಣವಂತೆ. ಸುತ್ತಿ ಸುತ್ತಿ ತಲೆ ತಿರುಗಬಾರದೆಂದು ಎತ್ತಿನ ಕಣ್ಣಿಗೆ ತಾತ ಬಟ್ಟೆ ಕಟ್ಟುತ್ತಿದ್ದರಂತೆ. ಆ ಎತ್ತಾದರೂ ಎಣ್ಣೆ ತೆಗೆಯಿತು, ನಾನು ಏನು ತೆಗೆಯುತ್ತಿದ್ದೇನೆ ಎಂದು ಕೇಳಿ ಡಬ್ಬಿ ಮುಚ್ಚಿದ.

ಇಷ್ಟು ಬೇಸರವಿದ್ದರೆ ಬಿಟ್ಟು ಹೋಗಬಹುದಿತ್ತಲ್ಲ ಎನ್ನಬೇಡಿ. ಅವನ ಪ್ರೋಬೆಟ್ಸೈಟ್ ಇನ್ನೂ ಮುಗಿದಿರಲಿಲ್ಲ. ಆ ಆರು ತಿಂಗಳ ಪರೀಕ್ಷಾ ಅವಧಿಯಲ್ಲಿ ಕಾರಣ ಹೇಳದೆ ಮನೆಗೆ ಕಳಿಸಬಹುದು. ಅದು ಮುಗಿದು ಕಾಯಂ ಆದ ಹೊರತು ಬರ್ಲಿನ್ನಿನಲ್ಲಿ ಯಾರೂ ಬಾಡಿಗೆಗೆ ಮನೆ ಕೊಡುವುದಿಲ್ಲ. ಮನೆಯಿಲ್ಲದೆ ಹೆಂಡತಿಗೆ ವೀಸಾ ಆಗುವುದಿಲ್ಲ. ಮದುವೆಯಾಗಿ ವರ್ಷವಾಗಿತ್ತು, ಶ್ರೀಲಕ್ಷ್ಮಿ ಇನ್ನೂ ತಿಪಟೂರಿನಲ್ಲೇ ಇದ್ದಳು. ಇವನು ಮೂವರು ಅಪರಿಚಿತರ ಜೊತೆ ಒಂದು ಅಡುಗೆಮನೆ ಹಂಚಿಕೊಂಡು, ಒಂಬತ್ತು ಚದರ ಮೀಟರಿನ ಕೋಣೆಯಲ್ಲಿ ಇದ್ದ. ಸೂಟ್‌ಕೇಸು ತೆರೆಯಬೇಕಾದರೆ ಮಂಚದ ಮೇಲೆ ಹತ್ತಬೇಕಿತ್ತು.

ಅವಧಿ ಮುಗಿಯಲು ಎರಡು ವಾರವಿದೆ ಎನ್ನುವಾಗ ಹ್ಯಾಂಬರ್ಗಿನಿಂದ, ಆಟವನ್ನು ಮಾರುಕಟ್ಟೆಗೆ ತರಬೇಕಿದ್ದ ಪ್ರಕಾಶಕರ ಕಡೆಯ ಮೂವರು ಆಟ ನೋಡಲು ಬಂದರು. ಎಲ್ಲರಿಗಿಂತ ಚೆನ್ನಾಗಿ ಆಡುವವನು ಸಿದ್ದು, ಆದ್ದರಿಂದ ಅವನೇ ಆಡಿ ತೋರಿಸಬೇಕೆಂದು ಟೋರ್ಸ್ಟೆನ್ ಹೇಳಿದ. ಬೆಳಿಗ್ಗೆ ಕಾಫಿ ಯಂತ್ರದ ಹತ್ತಿರ ನಾನು ಅವನ ತೋಳು ಹಿಡಿದು ಬೇಡಿಕೊಂಡೆ.

“ಎರಡು ವಾರ ಬಾಯಿ ಮುಚ್ಕೊಂಡಿರು ಮಗಾ. ಶ್ರೀಲಕ್ಷ್ಮಿ ಮುಖ ನೆನೆಸ್ಕೊ.”

“ಬಾಯಿ ಬಿಡಲ್ಲ ಗುರು,” ಎಂದ ಅವನು. “ಒಂದ್ ಮಾತೂ ಆಡಲ್ಲ.”

ಮಾತು ತಪ್ಪಲಿಲ್ಲ. ಗೋಡೆಯಗಲದ ಪರದೆಯ ಮೇಲೆ ಕಣಿವೆ ಬೆಳಗಾಯಿತು, ಹ್ಯಾಂಬರ್ಗಿನ ಹೆಂಗಸು ಅಬ್ಬಾ ಎಂದಳು, ಟೋರ್ಸ್ಟೆನ್ ಹುಲ್ಲಿನ ಬಗ್ಗೆ ಹದಿನೈದು ನಿಮಿಷ ಮಾತಾಡಿದ. ಆಮೇಲೆ, ಯಾವ ಬುರುಜು ಬೇಕೋ ನೀವೇ ಆರಿಸಿ ಎಂದ. ಆಕೆ ಇಪ್ಪತ್ತೊಂಬತ್ತು ಎಂದಳು. ಸಿದ್ದು ಕತ್ತಿನ ಮಫ್ಲರ್ ಬಿಚ್ಚಿ ಎರಡು ಮಡಿಕೆ ಮಾಡಿ ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡ. ಏನು ಮಾಡುತ್ತಿದ್ದಾನೆಂದು ಟೋರ್ಸ್ಟೆನ್‌ಗೆ ಹೊಳೆಯುವ ಮೊದಲೇ ಅವನು ಆಟದೊಳಗೆ ಬುರುಜಿನ ಏಣಿ ಹತ್ತಿಯಾಗಿತ್ತು. ಎರಡು ಏಟು, ಎಡಕ್ಕೆ ಉರುಳು, ಈಟಿಯವನು ಬಿದ್ದ. ತಡೆ, ಒದೆ, ಒಂದು ಏಟು, ಗುರಾಣಿಯವನು ಬಿದ್ದ. ಮೂರು ಹೆಜ್ಜೆ ಹಿಂದೆ, ಜಿಗಿತ, ದಢೂತಿ ಮಲಗಿದ. ನಾಲ್ಕು ವರ್ಷ ಕಷ್ಟಪಟ್ಟು ಬಿಡಿಸಿದ ಸೂರ್ಯಾಸ್ತ ಆ ಮಫ್ಲರಿನ ಮುಂದೆ ಸುಮ್ಮನೆ ಮುಳುಗಿತು. ಅವನು ಹಾಗೇ ಮೂವತ್ತನೆಯ ಬುರುಜಿಗೆ ನಡೆದು ಅದನ್ನೂ ಮುಗಿಸಿ, ಗಂಟು ಬಿಚ್ಚಿ, ಮಫ್ಲರ್ ಕೊರಳಿಗೆ ಹಾಕಿಕೊಂಡು ಕೂತ.

ಸತ್ಯವನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಯಾರಿಗೂ ಆಗುತ್ತಿರಲಿಲ್ಲ. ನನಗೆ ಹೆದರಿಕೆಯಾಯಿತು, ಹೆಮ್ಮೆಯೂ ಆಯಿತು. ಮುಗೀತು ಇವನ ಕಥೆ, ಶ್ರೀಲಕ್ಷ್ಮಿಯ ವೀಸಾ ಮಣ್ಣುಪಾಲು ಎಂದುಕೊಂಡೆ.

ಅಷ್ಟರಲ್ಲಿ ಹ್ಯಾಂಬರ್ಗಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಜಾಣರ ಜಾಣತನ ನೋಡಿ. ಎದುರಿಗೆ ಕೂತ ಮನುಷ್ಯ ನಿಮ್ಮ ಆಟ ನೋಡುವುದಕ್ಕೇ ಲಾಯಕ್ಕಿಲ್ಲ ಎಂದು ಕಣ್ಣು ಕಟ್ಟಿಕೊಂಡು ತೋರಿಸಿದರೆ, ಇವರಿಗೆ ಅದರಲ್ಲಿ ಜಾಹೀರಾತು ಕಂಡಿತು. ಎಂಥ ನೈಪುಣ್ಯ, ಎಂಥ ಸೂಕ್ಷ್ಮ ಶಬ್ದ ಸಂಯೋಜನೆ, ಕಿವಿಯಿಂದಲೇ ಆಡುತ್ತಾನಲ್ಲ ಎಂದರು. ಟೋರ್ಸ್ಟೆನ್ ಇದೆಲ್ಲ ಮೊದಲೇ ಯೋಚಿಸಿದ್ದೇ ಎನ್ನುವಂತೆ ತಲೆಯಾಡಿಸಿದ. ಆ ಶುಕ್ರವಾರವೇ ಸಿದ್ದುವಿನ ಕೆಲಸ ಕಾಯಂ ಆಯಿತು. ಮೂರು ಬಗೆಯ ಕಳ್ಳರು ಮೂರೇ ಬಗೆಯಾಗಿ ಉಳಿದರು. ನಾನು ಮುಚ್ಚಿದ್ದ ಅವನ ದೂರುಗಳಲ್ಲಿ ಒಂದನ್ನೂ ಯಾರೂ ಮತ್ತೆ ತೆರೆಯಲಿಲ್ಲ.

ಏಪ್ರಿಲಿನಲ್ಲಿ ಊರ ಹೊರಗೆ ಅವನಿಗೆ ಎರಡು ಕೋಣೆಯ ಮನೆ ಸಿಕ್ಕಿತು, ಜುಲೈನಲ್ಲಿ ಶ್ರೀಲಕ್ಷ್ಮಿ ಬಂದಳು. ಆಗಸ್ಟಿನಲ್ಲಿ ಕಂಪನಿ ಅವನನ್ನು ಕೋಲ್ನ್ ನಗರದ ಆಟಗಳ ಮೇಳಕ್ಕೆ ಕಳಿಸಿತು, ಜೊತೆಗೆ ನಾನೂ ಹೋದೆ. ನಮ್ಮ ಮಳಿಗೆಯ ಮೇಲೆ ‘ಕಣ್ಣು ಮುಚ್ಚಿ ಆಡುವ ವೀರ’ ಎಂದು ಆಳೆತ್ತರದ ಫಲಕ. ಮಫ್ಲರ್ ಚೆನ್ನಾಗಿ ಕಾಣುವುದಿಲ್ಲವೆಂದು ಕಪ್ಪು ಮಖಮಲ್ಲಿನ ಪಟ್ಟಿ ಹೊಲಿಸಿ, ಅದರ ಮೇಲೆ ಆಟದ ಹೆಸರು ಕಸೂತಿ ಹಾಕಿಸಿದ್ದರು. ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ, ಹತ್ತು ನಿಮಿಷಕ್ಕೊಮ್ಮೆ, ಇಪ್ಪತ್ತೊಂಬತ್ತನೇ ಬುರುಜು. ಹಾಡಿದ್ದೇ ಹಾಡು ಕಿಸಬಾಯಿ ದಾಸ. ಹಿಂದಿನ ದೊಡ್ಡ ಪರದೆಯಲ್ಲಿ ಕಣಿವೆ ಹೊಳೆಯುತ್ತಿತ್ತು, ಜನ ಅವನಿಗೆ ಅಡ್ಡ ನಿಂತು ಹುಲ್ಲಿನ ಫೋಟೋ ತೆಗೆಯುತ್ತಿದ್ದರು.

ಮೂರನೇ ದಿನ ಊಟಕ್ಕೆ ಹೊರಗೆ ಕೂತಾಗ ಅವನು ತಿನ್ನಲೇ ಇಲ್ಲ. ಹಣೆಯ ಮೇಲೆ ಪಟ್ಟಿಯ ಗುರುತು ಕೆಂಪಗೆ ಬಿದ್ದಿತ್ತು. ಯಾವುದನ್ನಾದರೂ ಬೈಯಲಿ ಎಂದು ನಾನು ಕಾದೆ. ಕೈಯಲ್ಲಿದ್ದ ಬ್ರೆಡ್ಡನ್ನೂ ಬೈಯಲಿಲ್ಲ.

“ಎತ್ತಿಗೆ ನಮ್ ತಾತ ಕಟ್ತಿದ್ರು ಗುರು,” ಎಂದ ಕೊನೆಗೆ. “ನಾನು ನಾನೇ ಕಟ್ಕೊಂಡ್ ಹೋಗಿ ನಿಂತೆ.”

ನಾಲ್ಕನೆಯ ಕಳ್ಳನನ್ನು ಬರೆಯುತ್ತೇನೆ, ಟೋರ್ಸ್ಟೆನ್ ಜೊತೆ ಮಾತಾಡುತ್ತೇನೆ ಎಂದು ಹೇಳುವ ಮನಸ್ಸಾಯಿತು. ಒಳಗಿನಿಂದ ಕರೆ ಬಂತು, ಮುಂದಿನ ಗುಂಪು ಸೇರಿತ್ತು. ಅವನು ಕುರ್ಚಿಯಲ್ಲಿ ಕೂತು ಪಟ್ಟಿಯನ್ನು ಕಣ್ಣಿಗೆ ಒತ್ತಿ ಹಿಡಿದ. ಹೊಸ ಮಖಮಲ್ಲು ಜಾರುತ್ತಿತ್ತು, ಹಿಂದೆ ಗಂಟು ನಿಲ್ಲುತ್ತಿರಲಿಲ್ಲ. ನಾನೇ ಹೋಗಿ ಬಿಗಿಯಾಗಿ ಕಟ್ಟಿದೆ.