ಮರಳುಗಾಡಿಗೊಂದು ಟೆಂಟು, ಪರೀಕ್ಷೆಗೊಂದು ಬಕೆಟ್ ನೀರು

ಬಹ್ರೇನಿಗೆ ಬಂದು ಮೂರು ವರ್ಷವಾದರೂ ನನ್ನ ತಲೆಯೊಳಗೆ ಉಡುಪಿಯ ಜೂನ್ ತಿಂಗಳೇ ಸುರಿಯುತ್ತಿತ್ತು. ಇಲ್ಲದಿದ್ದರೆ ಮರಳುಗಾಡಿನಲ್ಲಿ ಹೂಡುವ ಟೆಂಟು ಕೊಳ್ಳಲು ಹೋದವನು ಅಂಗಡಿಯವನ ಹತ್ತಿರ ಒಂದು ಬಕೆಟ್ ನೀರು ಕೇಳುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಅಕ್ಕನಿಗೆ ಆಸ್ಪತ್ರೆಯಿಂದ ಸಿಕ್ಕಿದ್ದು ಎರಡೇ ದಿನದ ರಜೆ. ನರ್ಸ್ ಕೆಲಸ, ಎರಡು ವಾರದಿಂದ ಬರೀ ನೈಟ್ ಡ್ಯೂಟಿ. "ನಂಗೆ ಎಂತದೂ ಬೇಡ. ಫೋನ್ ಇಲ್ಲದ ಕಡೆ ಒಂದು ನಿದ್ದೆ ಸಿಕ್ಕಿದ್ರೆ ಸಾಕು" ಅಂದಿದ್ದಳು. ಹಾಗಾಗಿ ಸಖೀರಿನ ಮರಳುಗಾಡಿಗೆ ಹೋಗುವುದೆಂದಾಯಿತು. ಟೆಂಟು ಆರಿಸುವ ಜವಾಬ್ದಾರಿಯನ್ನು ನಾನೇ ಮೈಮೇಲೆ ಎಳೆದುಕೊಂಡೆ. ನಾಲ್ಕು ವಿಡಿಯೋ ನೋಡಿದ್ದೆನಲ್ಲ, ಪಂಡಿತನಾಗಲು ಇನ್ನೇನು ಬೇಕು.

ಅಂಗಡಿಗೆ ಜೊತೆಗೆ ಭಾವ ಬಂದರು. ಹಿದ್ ಬಂದರಿನಲ್ಲಿ, ಹಡಗಿನ ಮೇಲೆ ಕಂಟೇನರುಗಳನ್ನು ಬಿಗಿದು ಕಟ್ಟಿಸುವ ಕೆಲಸ ಅವರದು. ಮಾತು ಕಡಿಮೆ. ನಾನು ಹಳದಿ ಟೆಂಟಿನ ಮೇಲೆ ನೀರು ಸುರಿದು, ಒಂದು ಹನಿಯೂ ಸೋರಲಿಲ್ಲವೆಂದು ಬೀಗುತ್ತಿದ್ದಾಗ, ಅವರು ಮಣ್ಣುಬಣ್ಣದ ಕ್ಯಾನ್ವಾಸ್ ಟೆಂಟಿನ ಒಳಮಗ್ಗುಲು ತಿರುವಿ ಹೊಲಿಗೆ ನೋಡುತ್ತಿದ್ದರು. ಹಗ್ಗ ಕಟ್ಟುವ ಬಳೆಗಳಿಗೆ ಬೆರಳು ತೂರಿಸಿ ಜಗ್ಗಿದರು. ಕಂಬವನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿ, ಮತ್ತೆ ನೆಟ್ಟಗಾಗುತ್ತದೆಯೇ ಎಂದು ಕಾದರು.

"ಭಾವ, ಅದು ಕತ್ತೆಯಷ್ಟು ಭಾರ ಉಂಟು."

"ಗಾಳಿಗೂ ಹಾಗೇ ಅನ್ನಿಸ್ಲಿ."

ಎರಡನ್ನೂ ಕೊಂಡೆವು. ಸಖೀರಿನಲ್ಲಿ ನನ್ನದು ಎಸೆದ ಕೂಡಲೇ ತಾನೇ ಬಿಚ್ಚಿಕೊಂಡು ನಿಂತಿತು; ನಾಲ್ಕು ಗೂಟ ಹೊಡೆದದ್ದಷ್ಟೇ ನನ್ನ ಕೆಲಸ. ಭಾವ ಇನ್ನೂ ಖಾಲಿ ಅಕ್ಕಿಚೀಲಗಳಿಗೆ ಮರಳು ತುಂಬಿ, ಹಗ್ಗ ಬಿಗಿದು, ಗುಂಡಿ ತೋಡಿ ಹೂಳುತ್ತಿದ್ದರು. ಸಡಿಲ ಮರಳಿನಲ್ಲಿ ಗೂಟ ನಿಲ್ಲುವುದಿಲ್ಲವಂತೆ.

"ಅಕ್ಕ ನನ್ನ ಟೆಂಟಲ್ಲೇ ಮಲಗ್ಲಿ, ಭಾವ. ರೆಡಿ ಉಂಟಲ್ಲ."

"ಮೊದ್ಲು ನೀನು ಮಲಗಿ ನೋಡು ಮಾರಾಯ."

ಡ್ಯೂಟಿಯಿಂದ ನೇರ ಬಂದಿದ್ದ ಅಕ್ಕ ಕ್ಯಾನ್ವಾಸಿನೊಳಗೆ ಹೊಕ್ಕವಳೇ ನಿದ್ದೆಹೋದಳು.

ಮಧ್ಯಾಹ್ನ ವಾಯವ್ಯದಿಂದ ಗಾಳಿ ಎದ್ದಿತು. ನಾನು ನನ್ನ ಅರಮನೆಯೊಳಗೆ ಅಂಗಾತ ಮಲಗಿದ್ದೆ. ಮೊದಲು ಒಂದು ಗೂಟ ಕಿತ್ತುಬಂತು, ಆಮೇಲೆ ಉಳಿದ ಮೂರೂ. ಟೆಂಟು ನನ್ನನ್ನು ಒಳಗಿಟ್ಟುಕೊಂಡೇ ಹುರಿಗಡಲೆಯಂತೆ ಉರುಳಿಸತೊಡಗಿತು. ಸಮುದ್ರ ದಾಟಿ ಪಕ್ಕದ ದೇಶಕ್ಕೆ ಹೋಗಿ ಬೀಳಲು ವೀಸಾ ಉಂಟೋ ಇಲ್ಲವೋ ಎಂದು ಯೋಚಿಸುವಷ್ಟರಲ್ಲಿ ಜಿಪ್ಪು ಸಿಕ್ಕಿ ಹೊರಗೆ ಬಿದ್ದೆ. ಟೆಂಟು ಪಕ್ಕದ ಕ್ಯಾಂಪಿನ ಬೇಲಿಗೆ ಹೋಗಿ ಅಪ್ಪಿಕೊಂಡಿತು.

ತೆವಳಿಕೊಂಡು ಬಂದು ನೋಡಿದರೆ, ಭಾವನ ಕ್ಯಾನ್ವಾಸು ಉಬ್ಬುತ್ತಿತ್ತು, ತಗ್ಗುತ್ತಿತ್ತು, ಮತ್ತೆ ತನ್ನ ಆಕಾರಕ್ಕೆ ಬರುತ್ತಿತ್ತು. ಒಂದು ಮೂಲೆಯೂ ಕದಲಲಿಲ್ಲ. ಭಾವ ಬಾಗಿಕೊಂಡು ಸುತ್ತ ನಡೆದು, ಒಂದೊಂದೇ ಹಗ್ಗವನ್ನು ಎರಡು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದರು. ಸಡಿಲವಾದದ್ದನ್ನು ಬಿಗಿದರು, ಬಿಗಿ ಹೆಚ್ಚಾದದ್ದನ್ನು ಸ್ವಲ್ಪ ಬಿಟ್ಟರು. ಒಂದು ತುಂಡು ಬಟ್ಟೆಗೆ ಮತ್ತು ಒಬ್ಬ ಮನುಷ್ಯನಿಗೆ ಕೈಮುಗಿಯಬೇಕೆಂದು ನನಗೆ ಒಟ್ಟಿಗೆ ಅನ್ನಿಸಿದ್ದು ಅದೇ ಮೊದಲು.

ಸಂಜೆ ಗಾಳಿ ಇಳಿಯುವ ಹೊತ್ತಿಗೆ ಅಕ್ಕ ಹೊರಗೆ ಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ. ಕಿವಿಯಿಂದ ಮರಳು ಸುರಿಸುತ್ತಿದ್ದ ನನ್ನನ್ನು ನೋಡಿ, "ಎಂತ, ಗಾಳಿ ಬಂತಾ?" ಅಂದಳು.

"ಸ್ವಲ್ಪ" ಅಂದರು ಭಾವ.

"ಹಾಗಾದ್ರೆ ಇನ್ನೊಂದು ಗಂಟೆ ಮಲಗ್ತೇನೆ" ಎಂದು ಅವಳು ವಾಪಸು ಒಳಗೆ ಹೋದಳು.